ಕೆಂಪು ಶಾಯಿ ಮತ್ತು ಫಣಿಯಮ್ಮ

ಎಂ.ಕೆ. ಇಂದಿರಾ ಅವರ ಬಗ್ಗೆ ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅವರ ಯಾವ ಪಾತ್ರವೂ ಅಲ್ಲ, ನನ್ನ ಕೈಯಲ್ಲಿದ್ದ ಕೆಂಪು ಶಾಯಿಯ ಪೆನ್ನು. ಇದೇನು, ವಿಮರ್ಶೆಯ ಹೆಸರಿನಲ್ಲಿ ಟೀಚರಮ್ಮ ತನ್ನ ಪುರಾಣ ಬಿಚ್ಚುತ್ತಿದ್ದಾಳೆ ಎನ್ನಬೇಡಿ. ಈ ಪುರಾಣಕ್ಕೂ ಅವರ ಕಾದಂಬರಿಗೂ ನಂಟಿದೆ. ಒಲೆಯ ಮೇಲೆ ಬೇಳೆ ಇಟ್ಟಿದ್ದರೆ ಅದನ್ನು ಇಳಿಸಿ ಬಂದು ಓದಿ.

ನಾನು ಹುಟ್ಟಿದ್ದು ಕೊಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಮಂಡ್ಯಕ್ಕೆ. ಅಡಿಕೆ ತೋಟದ ನೆರಳಿನಿಂದ ಕಬ್ಬಿನ ಗದ್ದೆಯ ಬಿಸಿಲಿಗೆ ಬಂದೆ ಎನ್ನಬಹುದು. ಬಂದ ಹೊಸದರಲ್ಲಿ ಇಲ್ಲಿನ ಮಾತೇ ಅರ್ಥವಾಗುತ್ತಿರಲಿಲ್ಲ. ಹಾಲು ಹಾಕುವ ಹೆಂಗಸು ‘ಆಮ್ಯಾಕೆ ಬತ್ತೀನಿ ಕಣವ್ವ’ ಎಂದರೆ ಯಾವ ಆಮೆ, ಎಲ್ಲಿಯ ಆಮೆ ಎಂದು ನಾನು ಕಣ್ಣು ಬಿಡುತ್ತಿದ್ದೆ. ಅಂಥ ಒಂಟಿತನದ ದಿನಗಳಲ್ಲಿ ಇಂದಿರಾ ಅವರ ಪುಸ್ತಕಗಳು ನನಗೆ ತವರಿನಿಂದ ಬಂದ ಹಲಸಿನ ಹಪ್ಪಳದ ಹಾಗೆ ಒದಗಿದವು. ಅವರೂ ಮಲೆನಾಡಿನವರೇ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಏಳು ವರ್ಷದ ಶಾಲೆ, ಹನ್ನೆರಡರ ಸುಮಾರಿಗೆ ಮದುವೆ, ಆಮೇಲೆ ಸಂಸಾರ. ಅವರೂ ಒಂದಷ್ಟು ಕಾಲ ಇದೇ ಮಂಡ್ಯದಲ್ಲಿ ಇದ್ದರೆಂದು ತಿಳಿದಾಗ, ಅವರು ತರಕಾರಿ ಕೊಂಡ ಪೇಟೆಯಲ್ಲೇ ನಾನೂ ಬದನೆಕಾಯಿ ಆರಿಸುತ್ತಿರಬಹುದೆಂದು ಸುಮ್ಮನೆ ಹೆಮ್ಮೆಪಟ್ಟದ್ದುಂಟು.

ಮಂಡ್ಯದಲ್ಲಿದ್ದಾಗಲೇ ಅವರಿಗೆ ತ್ರಿವೇಣಿಯವರ ಪರಿಚಯವಾಯಿತು. ಬರೆಯಲು ಪ್ರೇರಣೆ ಸಿಕ್ಕಿದ್ದು ಆ ಪರಿಚಯದಿಂದ. ತ್ರಿವೇಣಿ ಎಂದರೆ ನಮ್ಮ ಪೀಳಿಗೆಯ ಹೆಂಗಸರಿಗೆ ಹೇಳಬೇಕೆ? ‘ಬೆಕ್ಕಿನ ಕಣ್ಣು’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಬರೆದವರು. ಬಿ.ಎಂ.ಶ್ರೀ. ಅವರ ಮನೆತನದ ಹೆಣ್ಣುಮಗಳು, ಮನಶ್ಶಾಸ್ತ್ರ ಓದಿ ಬಿ.ಎ. ಮಾಡಿದವರು. ಇಂದಿರಾ ಅವರಿಗಿಂತ ಹನ್ನೊಂದು ವರ್ಷ ಚಿಕ್ಕವರು. ನನಗೆ ಈ ವಯಸ್ಸಿನ ಲೆಕ್ಕ ಬಹಳ ಮುಖ್ಯವಾಗಿ ಕಾಣುತ್ತದೆ. ನಮ್ಮಲ್ಲಿ ಕಲಿಸುವವರು ಹಿರಿಯರು, ಕಲಿಯುವವರು ಕಿರಿಯರು ಎಂದು ಕಟ್ಟಿಟ್ಟ ನಂಬಿಕೆ. ಇಲ್ಲಿ ನಲವತ್ತು ದಾಟಿದ, ಶಾಲೆ ಬಿಟ್ಟು ಮೂವತ್ತು ವರ್ಷವಾದ ಗೃಹಿಣಿಯೊಬ್ಬಳು ತನಗಿಂತ ಚಿಕ್ಕವಳು ಬರೆಯುತ್ತಿರುವುದನ್ನು ಕಂಡು, ತಾನೂ ಬರೆಯಬಹುದಲ್ಲ ಎಂದುಕೊಂಡಳು. ಅದಕ್ಕೆ ಕಮ್ಮಟ ಬೇಕಾಗಲಿಲ್ಲ, ಹಾಜರಿ ಪುಸ್ತಕ ಬೇಕಾಗಲಿಲ್ಲ.

1963ರ ಜುಲೈನಲ್ಲಿ ತ್ರಿವೇಣಿ ತೀರಿಕೊಂಡರು. ಮೂವತ್ತೈದು ಕೂಡ ತುಂಬಿರಲಿಲ್ಲ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಹೊರಬಂದದ್ದೂ ಅದೇ 1963ರಲ್ಲಿ. ಆಗ ಅವರಿಗೆ ನಲವತ್ತಾರು. ಅಲ್ಲಿಂದ ಮುಂದೆ ‘ಸದಾನಂದ’, ‘ನವರತ್ನ’, ‘ಗೆಜ್ಜೆ ಪೂಜೆ’ ಎಂದು ಒಂದರ ಹಿಂದೆ ಒಂದು ಬಂದು, ಐವತ್ತರ ಹತ್ತಿರ ಕಾದಂಬರಿಗಳಾದವು.

ಇವರಿಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಂದಿರಾ ತ್ರಿವೇಣಿಯವರ ರೀತಿಯನ್ನು ಎತ್ತಿಕೊಳ್ಳಲಿಲ್ಲ. ತ್ರಿವೇಣಿ ಪಾತ್ರದ ತಲೆಯೊಳಗೆ ಇಳಿಯುತ್ತಾರೆ. ಅಲ್ಲಿನ ಭಯ, ಭ್ರಮೆ, ಹೇಳಿಕೊಳ್ಳಲಾಗದ ಆಸೆ ಇವನ್ನೆಲ್ಲ ವೈದ್ಯರ ಹಾಗೆ ಹುಡುಕುತ್ತಾರೆ. ಇಂದಿರಾ ಮನೆಯೊಳಗೆ ಇಳಿಯುತ್ತಾರೆ. ಆ ಮನೆಯಲ್ಲಿ ಎಷ್ಟು ಜನ ಉಂಡರು, ಬಚ್ಚಲಿಗೆ ನೀರು ತುಂಬಿದವರು ಯಾರು, ಬಾಣಂತಿಯ ಕೋಣೆಗೆ ಯಾರು ಹೋಗಬಹುದು ಯಾರು ಹೋಗಬಾರದು, ಇದು ಅವರ ವಿಷಯ. ಗೆಳತಿಯಿಂದ ಅವರು ಪಡೆದದ್ದು ಧೈರ್ಯ ಮಾತ್ರ. ಉಳಿದದ್ದನ್ನು ತಮ್ಮ ತವರಿನ ಅಟ್ಟದಿಂದ ತಾವೇ ಇಳಿಸಿಕೊಂಡರು. ಬರವಣಿಗೆಯನ್ನು ಕಲಿಸಬಹುದೇ ಎಂದು ಯಾರಾದರೂ ಕೇಳಿದರೆ ನನಗೆ ಈ ಇಬ್ಬರ ಸ್ನೇಹವೇ ಕಣ್ಣ ಮುಂದೆ ಬರುತ್ತದೆ.

ಆದರೆ ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಈಗ ಕೆಂಪು ಶಾಯಿಯ ಕಥೆ.

ನಾನು ಕೆಲಸಕ್ಕೆ ಸೇರಿದ್ದು 1994ರ ಜೂನ್‌ನಲ್ಲಿ. ಅದೇ ವರ್ಷದ ಮಾರ್ಚ್ 15ರಂದು ಇಂದಿರಾ ತೀರಿಕೊಂಡಿದ್ದರು. ಹೊಸ ಮೇಡಮ್ಮಿನ ಹುರುಪು ಹೇಗಿರುತ್ತದೆ ಗೊತ್ತಲ್ಲ; ಮಂಡ್ಯದ ಮಕ್ಕಳಿಗೆ ‘ಶುದ್ಧ ಕನ್ನಡ’ ಕಲಿಸಿಯೇ ತೀರುತ್ತೇನೆಂದು ಸೆರಗು ಕಟ್ಟಿ ನಿಂತಿದ್ದೆ. ಅಕಾರಕ್ಕೆ ಹಕಾರ, ಹಕಾರಕ್ಕೆ ಅಕಾರ ಹಾಕುವ ಮಕ್ಕಳನ್ನು ಕಂಡರೆ ನನಗೆ ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗಾಗುತ್ತಿತ್ತು. 1999ರಲ್ಲಿ ಒಂಬತ್ತನೆಯ ತರಗತಿಗೆ ‘ನನ್ನ ಅಜ್ಜಿ’ ಎಂಬ ಪ್ರಬಂಧ ಕೊಟ್ಟೆ. ಹತ್ತಿರದ ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗಿಯೊಬ್ಬಳು ಒಂದೂವರೆ ಪುಟ ಬರೆದು ತಂದಳು. ಅದರಲ್ಲಿ ಒಂದು ಕಡೆ ಹೀಗಿತ್ತು: ‘ನಮ್ಮಜ್ಜಿ ಒಲೆ ಮುಂದೆ ಕುಂತ್ಕಂಡು ಹಿಟ್ಟು ತಿರುವಾಗ ಯಾರ ತಾವೂ ಮಾತಾಡಕಿಲ್ಲ. ಮಾತಾಡುದ್ರೆ ಹಿಟ್ಟು ಕೇಳುಸ್ಕತದೆ, ಗಂಟಾಯ್ತದೆ ಅಂತಾಳೆ.’

ನಾನು ಆ ಎರಡು ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ಬರೆದೆ: ‘ನನ್ನ ಅಜ್ಜಿಯವರು ಅಡುಗೆ ಮಾಡುವಾಗ ಮೌನವಾಗಿರುತ್ತಾರೆ.’ ಇಡೀ ಒಂದೂವರೆ ಪುಟವನ್ನು ಹೀಗೆಯೇ ತಿದ್ದಿದೆ. ಪುಟ ನೋಡಿದರೆ ಕುಂಕುಮ ಚೆಲ್ಲಿದ ಹಾಗಿತ್ತು. ಕೆಳಗೆ ‘ಗ್ರಾಮ್ಯ ಭಾಷೆ ಬಳಸಬಾರದು’ ಎಂದು ಷರಾ ಬರೆದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ದಿನ ಮಗುವಿಗೆ ಉಪಕಾರ ಮಾಡಿದೆನೆಂದೇ ತಿಳಿದಿದ್ದೆ. ಮುಂದಿನ ಪ್ರಬಂಧದಲ್ಲಿ ಅವಳು ಗೈಡಿನಿಂದ ಇಳಿಸಿ ತಂದಳು. ಏಳು ಅಂಕ ಕೊಟ್ಟೆ.

ಅದೇ ವಾರ ಮನೆಯಲ್ಲಿ ‘ತುಂಗಭದ್ರಾ’ವನ್ನು ಮೂರನೆಯ ಬಾರಿಗೋ ನಾಲ್ಕನೆಯ ಬಾರಿಗೋ ಓದುತ್ತಾ, ಆಹಾ, ನಮ್ಮ ಕಡೆಯ ಹೆಂಗಸರ ಮಾತನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಾರೆ ಎಂದು ಗಂಡನಿಗೆ ಓದಿ ಹೇಳುತ್ತಿದ್ದೆ ಎಂಬುದನ್ನು ನಾಚಿಕೆಯಿಂದ ಇಲ್ಲಿ ದಾಖಲಿಸಬೇಕು. ನನ್ನ ತವರಿನ ಮಾತು ಸಾಹಿತ್ಯವಾಗಿತ್ತು. ಅವಳ ಅಜ್ಜಿಯ ಮಾತು ತಪ್ಪಾಗಿತ್ತು.

2016ರಲ್ಲಿ ಪೋಷಕರ ಸಭೆಗೆ ಆ ಹುಡುಗಿ ಮಗನ ಕೈ ಹಿಡಿದುಕೊಂಡು ಬಂದಳು. ಗುರುತು ಹಿಡಿದು ನಮಸ್ಕಾರ ಮಾಡಿದಳು. ನಾನು ಎಂದಿನ ಹಾಗೆ, ಏನಮ್ಮಾ, ಏನಾದರೂ ಓದು ಬರಹ ಇಟ್ಟುಕೊಂಡಿದ್ದೀಯಾ ಎಂದೆ. ‘ಈಗ ಬರೆಯೋದು ದಿನಸಿ ಚೀಟಿ ಮಾತ್ರ ಮಿಸ್’ ಎಂದು ನಕ್ಕಳು. ಆ ನಗೆಯಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಅವಳಿಗೆ ಆ ಪ್ರಬಂಧ ನೆನಪಿತ್ತೋ ಇಲ್ಲವೋ, ಕೇಳಲು ನನಗೆ ಬಾಯಿ ಬರಲಿಲ್ಲ. ನನಗೆ ಮಾತ್ರ ಹಿಟ್ಟು ಕೇಳಿಸಿಕೊಳ್ಳುವ ಆ ಸಾಲು ಹದಿನೇಳು ವರ್ಷದ ನಂತರವೂ ಅಕ್ಷರ ಅಕ್ಷರ ನೆನಪಿತ್ತು. ನಾನು ತಿದ್ದಿ ಬರೆದ ಸಾಲನ್ನು ಮಾತ್ರ ನೆನಪು ಮಾಡಿಕೊಳ್ಳಬೇಕಾಯಿತು.

ಆ ರಾತ್ರಿ ಕಪಾಟಿನಿಂದ ‘ಫಣಿಯಮ್ಮ’ ತೆಗೆದೆ.

‘ಫಣಿಯಮ್ಮ’ ಪ್ರಕಟವಾದದ್ದು 1976ರಲ್ಲಿ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದ್ದು 1983ರಲ್ಲಿ. 1989ರಲ್ಲಿ ತೇಜಸ್ವಿನಿ ನಿರಂಜನ ಅದನ್ನು ಇಂಗ್ಲಿಷಿಗೆ ತಂದರು. ತೇಜಸ್ವಿನಿ ಮತ್ತೊಬ್ಬ ಕಾದಂಬರಿಕಾರ್ತಿ ಅನುಪಮಾ ನಿರಂಜನರ ಮಗಳು. ಒಬ್ಬ ಲೇಖಕಿಯ ಮಗಳ ಕೈಯಿಂದ ಇನ್ನೊಬ್ಬ ಲೇಖಕಿಯ ಪುಸ್ತಕ ದೂರದ ಊರುಗಳಿಗೆ ಹೋಯಿತು ಎಂಬುದು ನನಗೆ ಇಷ್ಟವಾದ ಸಂಗತಿ. ಕಥೆ ನಿಮಗೆ ಗೊತ್ತಿರುತ್ತದೆ. ಮದುವೆ ಎಂದರೇನೆಂದು ತಿಳಿಯುವ ಮೊದಲೇ, ಒಂಬತ್ತು ವರ್ಷದ ಫಣಿಯ ಗಂಡ ಹಾವು ಕಚ್ಚಿ ಸಾಯುತ್ತಾನೆ. ಮೈನೆರೆದ ಮೇಲೆ ತಲೆ ಬೋಳಿಸಿ ಮಡಿ ಉಡಿಸುತ್ತಾರೆ. ಆ ಮೇಲಿನದು ನೂರು ದಾಟಿದ ಆಯುಷ್ಯ, ಒಪ್ಪೊತ್ತಿನ ಊಟ, ಊರಿನ ಬಸುರಿ ಬಾಣಂತಿಯರ ಸೇವೆ. ಆಕೆ ನಿಜವಾಗಿ ಬದುಕಿದ್ದ ಹೆಂಗಸು. ತನ್ನ ಕಥೆಯನ್ನು ಇಂದಿರಾ ಅವರ ತಾಯಿಗೆ ಹೇಳಿಕೊಂಡಿದ್ದಳು. ತಾಯಿಯಿಂದ ಮಗಳಿಗೆ ಬಂತು.

ನಾನು ಪಿಯುಸಿಯಲ್ಲಿದ್ದಾಗ ಮೊದಲು ಓದಿ ಅತ್ತದ್ದು ಈ ಕಥೆಗಾಗಿ. ಈ ಸಲ ಕಥೆಯ ಮೇಲೆ ನನಗೆ ಗಮನವಿರಲಿಲ್ಲ. ಅದು ಹೇಗೆ ಬಂತು ಎನ್ನುವುದರ ಮೇಲೆಯೇ ಕಣ್ಣಿತ್ತು. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಕೇಳಿ, ಅವಳು ಹೇಳಿದ್ದನ್ನು ಮತ್ತೊಬ್ಬಳು ಕೇಳಿ, ಮೂರನೆಯವಳು ಬರೆದ ಪುಸ್ತಕ ಇದು. ಹಾಗಾಗಿಯೇ ಇದರ ನಡೆ ವಿಮರ್ಶಕರು ಹೇಳುವ ಕಾದಂಬರಿಯ ನಡೆಯಲ್ಲ. ಹತ್ತು ವರ್ಷ ಒಂದು ಪ್ಯಾರಾದಲ್ಲಿ ಹೋಗಿಬಿಡುತ್ತದೆ, ಒಂದು ಬಾಣಂತನ ಪುಟಗಟ್ಟಲೆ ನಿಲ್ಲುತ್ತದೆ. ನಡುವೆ ಯಾರದೋ ಅತ್ತಿಗೆಯ ಕಥೆ ನುಗ್ಗುತ್ತದೆ. ಮಧ್ಯಾಹ್ನ ಹಪ್ಪಳ ಒತ್ತುತ್ತಾ ಹೆಂಗಸರು ಕಥೆ ಹೇಳುವುದು ಹೀಗೆಯೇ ಅಲ್ಲವೇ? ಎದ್ದು ಹೋಗಿ ಹಾಲು ನೋಡಿಕೊಂಡು ಬಂದು, ಎಲ್ಲಿಗೆ ಬಿಟ್ಟಿದ್ದೆ ಎಂದು ಮತ್ತೆ ಶುರುಮಾಡುವುದು. ಆ ಲಯವನ್ನು ಇಂದಿರಾ ತಿದ್ದಲಿಲ್ಲ. ಕೇಳಿದ ಬಾಯಿಯ ಗುರುತನ್ನು ಅಳಿಸಲಿಲ್ಲ. ಕೆಂಪು ಶಾಯಿ ಇಲ್ಲದ ಪುಸ್ತಕ ಇದು ಎಂದು ನನಗೆ ಅನ್ನಿಸಿತು.

ಕೇಳಿದ್ದನ್ನು ಕೇಳಿದಂತೆ ಹೇಳುವ ಈ ಸಂಯಮದಿಂದಲೇ ಪುಸ್ತಕದ ಒಳ್ಳೆಯ ಭಾಗಗಳು ಬಂದಿವೆ. ಅಸ್ಪೃಶ್ಯರ ಮನೆಯ ಹೆಣ್ಣುಮಗಳೊಬ್ಬಳು ಹೆರಿಗೆಯಲ್ಲಿ ಸಾಯುವಂತಾದಾಗ, ಮಡಿಯ ಫಣಿಯಮ್ಮ ಹೋಗಿ ಮಗುವನ್ನು ತೆಗೆದು ಬರುತ್ತಾಳೆ. ಬೇರೆ ಯಾರಾದರೂ ಬರೆದಿದ್ದರೆ ಅಲ್ಲಿ ಭಾಷಣ ಬರುತ್ತಿತ್ತು, ಮಳೆಗುಡುಗು ಬರುತ್ತಿತ್ತು. ಇಲ್ಲಿ ಅವಳು ಹೋದಳು, ತನ್ನ ಕೈ ಚಿಕ್ಕದಾಗಿದ್ದುದರಿಂದ ಕೆಲಸ ಆಯಿತು, ಬಂದಳು. ಅಷ್ಟೆ. ಒಂದು ಶತಮಾನದ ಶಾಸ್ತ್ರವನ್ನು ಒಂದು ಚಿಕ್ಕ ಕೈಯ ಅಳತೆಯಿಂದ ದಾಟಿದ್ದು. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಿಣಿಯ ಪರವಾಗಿ ಅವಳು ನಿಲ್ಲುವ ಭಾಗವೂ ಅಷ್ಟೇ ಒಣದಾಗಿ, ಅಷ್ಟೇ ಗಟ್ಟಿಯಾಗಿ ಇದೆ.

ಇಂದಿರಾ ಅವರ ಎಲ್ಲ ಪುಸ್ತಕಗಳೂ ಹೀಗಿವೆಯೆಂದು ನಾನು ಹೇಳಲಾರೆ. ಜನಪ್ರಿಯತೆಯ ವರ್ಷಗಳಲ್ಲಿ ಬರೆದ ಎಷ್ಟೋ ಕಾದಂಬರಿಗಳಲ್ಲಿ ಕಥೆ ತಾನಾಗಿ ನಡೆಯುವುದಿಲ್ಲ, ಲೇಖಕಿ ಅದರ ಕೈ ಹಿಡಿದು ಎಳೆಯುತ್ತಾರೆ. ‘ಗೆಜ್ಜೆ ಪೂಜೆ’ಯನ್ನು ನಾವೆಲ್ಲ ಪುಟ್ಟಣ್ಣನವರ ಸಿನಿಮಾದಲ್ಲಿ ಕಲ್ಪನಾ ಮುಖ ನೋಡಿಕೊಂಡು ಮೆಚ್ಚಿದವರು. ಪುಸ್ತಕಕ್ಕೆ ಮರಳಿದರೆ, ಆ ಹುಡುಗಿಯ ದುಃಖವನ್ನು ಹೆಚ್ಚಿಸಲೆಂದೇ ಒಂದೊಂದು ಘಟನೆಯನ್ನೂ ಜೋಡಿಸಿಟ್ಟ ಹಾಗೆ ನನಗೆ ಕಾಣುತ್ತದೆ. ಓದುವಾಗ ಕಣ್ಣೀರು ಬರುತ್ತದೆ, ನಿಜ. ಈರುಳ್ಳಿ ಹೆಚ್ಚಿದರೂ ಬರುತ್ತದೆ. ಲೇಖಕಿ ತಾನೇ ಕಟ್ಟಿದಾಗ ಸಡಿಲವಾಗುವುದು, ಕೇಳಿದ್ದನ್ನು ಕಾಪಾಡಿದಾಗ ಗಟ್ಟಿಯಾಗುವುದು, ಇದು ಇಂದಿರಾ ಅವರ ಶಕ್ತಿಯೂ ಹೌದು, ಮಿತಿಯೂ ಹೌದು. ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದ ಮಹನೀಯರಿಗೆ ಈ ವ್ಯತ್ಯಾಸ ಕಾಣಲಿಲ್ಲ. ಅವರು ಒಳ್ಳೆಯದನ್ನೂ ಸಾಧಾರಣವನ್ನೂ ಒಂದೇ ಪಾತ್ರೆಗೆ ಸುರಿದು ಮುಚ್ಚಳ ಹಾಕಿಬಿಟ್ಟರು. ಅಡುಗೆಮನೆಯಲ್ಲಿ ಕೂತು ಉಂಡೆದ್ದವರಿಗೆ ಅಲ್ಲಿ ಏನು ನಡೆಯುತ್ತದೆಂದು ತಿಳಿಯಬೇಕೆಂದೇನೂ ಇಲ್ಲವಲ್ಲ.

ಪೋಷಕರ ಸಭೆಯ ಮುಂದಿನ ತಿಂಗಳೇ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಬರೆಯಲು ಇಷ್ಟವಿರುವ ಹುಡುಗಿಯರು ಲೈಬ್ರರಿ ಕೋಣೆಗೆ ಬರಬಹುದೆಂದು ಹೇಳಿದೆ. ಒಂಬತ್ತನೆಯ ತರಗತಿಯ ಹನ್ನೊಂದು ಜನ ಬಂದರು. ಎರಡನೆಯ ವಾರ ಏಳು. ಅದರಲ್ಲಿ ಇಬ್ಬರು ಮನೆಗೆ ಹೋದರೆ ಕೆಲಸ ಹೇಳುತ್ತಾರೆಂದು ಬಂದವರು. ಇರಲಿ, ಅದೂ ಒಳ್ಳೆಯ ಕಾರಣವೇ.

ಹೇಗೆ ಕಲಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಹಿಂದೊಮ್ಮೆ ಶಿಕ್ಷಕರಿಗಾಗಿ ನಡೆದ ಎರಡು ದಿನದ ಕಥಾ ಕಮ್ಮಟಕ್ಕೆ ಹೋಗಿದ್ದೆ. ಅಲ್ಲಿ ತಂತ್ರ, ವಸ್ತು, ಆಶಯ, ಆಕೃತಿ ಎಂದು ಬೋರ್ಡಿನ ಮೇಲೆ ಬರೆದರು, ನಾವು ಇಳಿಸಿಕೊಂಡೆವು. ಊಟ ಚೆನ್ನಾಗಿತ್ತು. ಎರಡು ದಿನದಲ್ಲಿ ಯಾರೂ ಒಂದು ಸಾಲು ಕಥೆ ಬರೆಯಲಿಲ್ಲ. ಹೆಗ್ಗೋಡಿನಲ್ಲಿ ನೀನಾಸಂನವರು ಅಕ್ಟೋಬರಿನಲ್ಲಿ ನಡೆಸುವ ಸಂಸ್ಕೃತಿ ಶಿಬಿರದ ಬಗ್ಗೆ ಓದಿ ಆಸೆಪಟ್ಟದ್ದುಂಟು. ಆದರೆ ದಸರಾ ರಜೆ ಎಂದರೆ ನಮ್ಮ ಮನೆಯಲ್ಲಿ ಗೊಂಬೆ, ನಾದಿನಿಯರು, ಅವರ ಮಕ್ಕಳು. ಹೋಗಲಾಗಲೇ ಇಲ್ಲ. ಹೀಗೆ ನನ್ನ ಬಳಿ ಇದ್ದದ್ದು ಇಂದಿರಾ ಅವರ ಉದಾಹರಣೆ ಒಂದೇ: ಕೇಳಿಸಿಕೊಳ್ಳುವುದು. ಮನೆಯಲ್ಲಿರುವ ಅತ್ಯಂತ ಹಿರಿಯ ಹೆಂಗಸಿನ ಹತ್ತಿರ ಒಂದು ಗಂಟೆ ಕೂತು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ತನ್ನಿ ಎಂದೆ. ನಡುವೆ ಪ್ರಶ್ನೆ ಕೇಳಕೂಡದು ಎಂಬುದೊಂದೇ ನಿಯಮ.

ಮಾದರಿಗೆಂದು ‘ಫಣಿಯಮ್ಮ’ದ ಕಥೆಯನ್ನು ಎರಡು ಶನಿವಾರ ಹೇಳಿದೆ. ನನ್ನ ಲೆಕ್ಕದಲ್ಲಿ ಹುಡುಗಿಯರು ಅಳಬೇಕಾಗಿತ್ತು. ಅಳಲಿಲ್ಲ. ಎಲ್ಲ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, ‘ಮಿಸ್, ಆಯಮ್ಮ ಯಾಕೆ ಕೂಡಿಕೆ ಆಗಲಿಲ್ಲ?’ ಎಂದಳು. ಅವಳ ಮುತ್ತಜ್ಜಿ ಮೊದಲ ಗಂಡ ತೀರಿಕೊಂಡ ಮೇಲೆ ಸೀರುಡಿಕೆಯಾಗಿ ಬಂದವಳಂತೆ. ಮದುವೆಯಷ್ಟು ಗೌರವ ಅದಕ್ಕಿರಲಿಲ್ಲವಂತೆ, ಶುಭಕಾರ್ಯದಲ್ಲಿ ಮುಂದೆ ನಿಲ್ಲಿಸುತ್ತಿರಲಿಲ್ಲವಂತೆ, ಆದರೆ ಮನೆ ಇತ್ತು, ಮಕ್ಕಳಾದವು. ‘ನಮ್ಮಲ್ಲಿ ತಲೆ ಬೋಳುಸ್ತಿರಲಿಲ್ಲ ಮಿಸ್’ ಎಂದು ಇನ್ನಿಬ್ಬರು ದನಿಗೂಡಿಸಿದರು.

ಮೂವತ್ತು ವರ್ಷ ನಾನು ‘ಫಣಿಯಮ್ಮ’ವನ್ನು ‘ಹೆಣ್ಣಿನ ನೋವಿನ ಕಥೆ’ ಎಂದು ಓದಿದ್ದೆ, ಹಾಗೆಂದೇ ಪಾಠದಲ್ಲಿ ಹೇಳುತ್ತಿದ್ದೆ. ಅದು ಒಂದು ಜಾತಿಯ ಮನೆಗಳ ಹೆಣ್ಣಿನ ನೋವು ಎಂದು ಹದಿನಾಲ್ಕು ವರ್ಷದ ಮಗು ಹೇಳಬೇಕಾಯಿತು. ಇದರಿಂದ ಪುಸ್ತಕದ ಬೆಲೆ ನನ್ನ ಪಾಲಿಗೆ ಕಡಿಮೆಯಾಗಲಿಲ್ಲ. ಇಂದಿರಾ ತಮ್ಮ ಮನೆಯಲ್ಲಿ ಕೇಳಿದ್ದನ್ನು ಬರೆದರು. ಎಲ್ಲ ಹೆಂಗಸರ ಪರವಾಗಿ ಮಾತಾಡುತ್ತೇನೆಂದು ಡಂಗುರ ಸಾರಲಿಲ್ಲ. ಡಂಗುರ ಸಾರಿದವಳು ನಾನು. ಹಾಗೆ ನೋಡಿದರೆ ಆ ಸೀರುಡಿಕೆಯ ಮುತ್ತಜ್ಜಿಯಂಥವರ ಕಥೆ, ಅದರ ಅರ್ಧ ಮರ್ಯಾದೆ, ಎರಡನೆಯ ಮನೆಯಲ್ಲಿ ಮೊದಲನೆಯ ಮನೆಯ ಮಕ್ಕಳ ನೆನಪು, ಇವೆಲ್ಲ ನನ್ನ ಕಪಾಟಿನಲ್ಲಿರುವ ಎಷ್ಟು ಕಾದಂಬರಿಗಳಲ್ಲಿವೆ ಎಂದು ಹುಡುಕಲು ಹೊರಟೆ. ಬೆರಳು ಮಡಚುವಷ್ಟೂ ಸಿಗಲಿಲ್ಲ. ಬರೆಯಬೇಕಾದ ಹುಡುಗಿಯರು ದಿನಸಿ ಚೀಟಿ ಬರೆಯುತ್ತಿದ್ದರೆ ಎಲ್ಲಿಂದ ಸಿಗಬೇಕು?

‘ಫಣಿಯಮ್ಮ’ದ ಬಗ್ಗೆ ನನಗೆ ಇನ್ನೊಂದು ತಕರಾರಿದೆ. ಅದು ನನ್ನ ಸ್ವಂತದ್ದು.

ನನ್ನ ತವರಿನಲ್ಲಿ ದೊಡ್ಡತ್ತೆ ಇದ್ದರು, ಅಜ್ಜನ ಅಕ್ಕ. ಕೆಂಪು ಸೀರೆ, ಬೋಳು ತಲೆ. ನನಗೆ ಹದಿನಾರು ವರ್ಷವಾಗುವವರೆಗೂ ಬದುಕಿದ್ದರು. ‘ಫಣಿಯಮ್ಮ’ ಓದಿದ ದಿನವೇ ದೊಡ್ಡತ್ತೆಯ ಕಥೆಯನ್ನು ನಾನೂ ಬರೆಯಬೇಕೆಂದು ನಿಶ್ಚಯಿಸಿದೆ. ನಾಲ್ಕು ಬಾರಿ ಶುರುಮಾಡಿದ್ದೇನೆ. ನಾಲ್ಕು ಬಾರಿಯೂ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ದೊಡ್ಡತ್ತೆ ಫಣಿಯಮ್ಮನಾಗಿ ಬಿಡುತ್ತಾರೆ. ಶಾಂತವಾಗಿ ಕೂರುತ್ತಾರೆ, ಎಲ್ಲರಿಗೂ ಒಳ್ಳೆಯದು ಬಯಸುತ್ತಾರೆ. ನಿಜವಾದ ದೊಡ್ಡತ್ತೆ ಹಾಗಿರಲೇ ಇಲ್ಲ. ಉಗ್ರಾಣದ ಬೆಲ್ಲ ಕದಿಯುತ್ತಿದ್ದರು. ಸೊಸೆಯಂದಿರ ಮಾತನ್ನು ಅವರಿಗೊಂದು ಇವರಿಗೊಂದು ಮಾಡಿ ಜಗಳ ಹಚ್ಚುತ್ತಿದ್ದರು. ಕ್ಷೌರದವನು ಬರುವ ದಿನ ಬೆಳಗಿನಿಂದಲೇ ಯಾರ ಮೇಲಾದರೂ ರೇಗುತ್ತಿದ್ದರು. ಒಮ್ಮೆ ನನ್ನ ಜಡೆ ಹಾಕುತ್ತಾ ಹಾಕುತ್ತಾ ಏನಾಯಿತೋ, ಜುಟ್ಟು ಹಿಡಿದು ಜಗ್ಗಿಬಿಟ್ಟರು. ನಾನು ಕಿರುಚಿದೆ. ಆಮೇಲೆ ಅವರೇ ಎಣ್ಣೆ ಹಚ್ಚಿ, ಉಂಡೆ ಕೊಟ್ಟು, ಅಮ್ಮನಿಗೆ ಹೇಳಬೇಡ ಎಂದರು.

ಈ ಹೆಂಗಸಿಗೆ ಫಣಿಯಮ್ಮನ ಪಕ್ಕದಲ್ಲಿ ಜಾಗವಿಲ್ಲ. ಫಣಿಯಮ್ಮನಿಗೆ ಸಿಟ್ಟು ಬರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಒಂಬತ್ತನೆಯ ವಯಸ್ಸಿಗೇ ಬದುಕನ್ನು ಕಿತ್ತುಕೊಂಡವರ ಮೇಲೆ ನೂರು ವರ್ಷದಲ್ಲಿ ಒಮ್ಮೆಯಾದರೂ ತಟ್ಟೆ ಎಸೆಯಬೇಕೆನ್ನಿಸಲಿಲ್ಲವೇ? ಲೇಖಕಿಗೆ ಆಕೆಯ ಮೇಲಿರುವ ಪೂಜ್ಯಭಾವ ಆ ಪ್ರಶ್ನೆಯನ್ನು ಹತ್ತಿರ ಬರಗೊಡುವುದಿಲ್ಲ. ಇಂದಿರಾ ಕೇಳಿಸಿಕೊಂಡದ್ದು ಹಾಗೆಯೇ ಇರಬಹುದು. ಹೇಳಿದವಳು ಬಾಯಿಬಿಟ್ಟು ಹೇಳದೆ ಉಳಿಸಿದ್ದನ್ನು ಕೇಳುವ ಕೆಲಸ ಮಾತ್ರ ಉಳಿದುಹೋಯಿತು ಎನ್ನಿಸುತ್ತದೆ. ತ್ರಿವೇಣಿ ಇದ್ದಿದ್ದರೆ, ಹಸ್ತಪ್ರತಿ ಓದಿ, ಇಲ್ಲಿ ಇವಳಿಗೆ ರಾತ್ರಿ ನಿದ್ದೆ ಬರುತ್ತಿತ್ತೇ ಎಂದು ಕೇಳುತ್ತಿದ್ದರೋ ಏನೋ ಎಂದು ಸುಮ್ಮನೆ ಕಲ್ಪಿಸಿಕೊಳ್ಳುತ್ತೇನೆ. ಎಷ್ಟಾದರೂ ‘ಫಣಿಯಮ್ಮ’ ಬರುವಷ್ಟರಲ್ಲಿ ಅವರು ಹೋಗಿ ಹದಿಮೂರು ವರ್ಷವಾಗಿತ್ತು.

ಹೀಗಾಗಿ ಈಗ ಶನಿವಾರದ ಹುಡುಗಿಯರಿಗೆ ನಾನು ‘ಫಣಿಯಮ್ಮ’ವನ್ನು ಮೊದಲೇ ಹೇಳುವುದಿಲ್ಲ. ಅವರು ತಮ್ಮ ಅಜ್ಜಿಯನ್ನು ಬರೆದು ತಂದ ಮೇಲೆ ಓದಲು ಕೊಡುತ್ತೇನೆ. ದೊಡ್ಡ ಮರದ ಕೆಳಗೆ ಗಿಡ ನೆಟ್ಟು ಒಮ್ಮೆ ಕೈ ಸುಟ್ಟುಕೊಂಡವಳು ನಾನು.

ಇದರಿಂದ ಲೇಖಕಿಯರ ಪಡೆಯೇ ಎದ್ದು ಬಂತೆಂದು ಭಾವಿಸಬೇಡಿ. ಈ ವರ್ಷಗಳಲ್ಲಿ ಒಬ್ಬಳ ಒಂದು ಬರಹ ಜಿಲ್ಲೆಯ ಪತ್ರಿಕೆಯೊಂದರ ಮಕ್ಕಳ ಪುಟದಲ್ಲಿ ಬಂದಿದೆ. ಅದೂ ಅರ್ಧ ಕತ್ತರಿಸಿ, ಮಾತನ್ನೆಲ್ಲ ಪುಸ್ತಕದ ಕನ್ನಡಕ್ಕೆ ತಿರುಗಿಸಿ. ಅವರನ್ನು ಬೈಯಲು ನನಗೆ ಯಾವ ಬಾಯಿ? ಕೊರೋನಾದ 2020ರಲ್ಲಿ ಶಾಲೆ ಮುಚ್ಚಿದಾಗ ಎಲ್ಲ ನಿಂತೇಹೋಗಿತ್ತು. ಆಮೇಲೆ ಮತ್ತೆ ನಾಲ್ಕೈದು ಜನರಿಂದ ಶುರುಮಾಡಿದೆ. ಮುಖ್ಯೋಪಾಧ್ಯಾಯರಿಗೆ ಫಲಿತಾಂಶದ ಚಿಂತೆ. ಇದರಿಂದ ಅಂಕ ಹೆಚ್ಚುತ್ತದೆಯೇ ಮೇಡಂ ಎಂದು ಕೇಳುತ್ತಾರೆ. ಹೆಚ್ಚುವುದಿಲ್ಲ. ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯಲ್ಲಿ ‘ಕುಂತ್ಕಂಡು’ ಎಂದು ಬರೆದರೆ ಅಂಕ ಹೋಗುತ್ತದೆ, ಆ ಮಗು ಹಿಂದೆ ಬೀಳುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಇಂದಿರಾ ಅವರಿಗೆ ಪರೀಕ್ಷೆ ಇರಲಿಲ್ಲ, ನಮ್ಮ ಮಕ್ಕಳಿಗಿದೆ. ಅದಕ್ಕೇ ಎರಡು ನೋಟ್‌ಬುಕ್ ಇಡಿಸಿದ್ದೇನೆ. ವಾರದ ನೋಟ್‌ಬುಕ್ಕಿನಲ್ಲಿ ಮೊದಲಿನ ಹಾಗೆಯೇ ನಿರ್ದಯವಾಗಿ ತಿದ್ದುತ್ತೇನೆ, ಅಕಾರ ಹಕಾರ ಸಮೇತ. ಶನಿವಾರದ ನೋಟ್‌ಬುಕ್ಕಿಗೆ ಪೆನ್ಸಿಲ್ ಮಾತ್ರ. ಅದೂ ಅರ್ಥವಾಗದ ಕಡೆ ಒಂದು ಪ್ರಶ್ನೆ ಚಿಹ್ನೆ ಹಾಕಲು.

ಒಂದು ಮಗು ಎರಡು ಭಾಷೆಯಲ್ಲಿ ಬದುಕುವುದನ್ನು ಕಲಿಯಬೇಕೇ, ಇದು ಸರಿಯೇ ಎಂದು ನನ್ನನ್ನು ಕೇಳಿದರೆ ಉತ್ತರ ಬರುವುದಿಲ್ಲ. ಕೆಲವರು ಎರಡರಲ್ಲೂ ಚೆನ್ನಾಗಿ ಬರೆಯುತ್ತಾರೆ. ಒಬ್ಬಳು ಶನಿವಾರದ ನೋಟ್‌ಬುಕ್ಕಿನಲ್ಲೂ ಗೈಡಿನ ಕನ್ನಡವನ್ನೇ ಬರೆಯುತ್ತಾಳೆ. ಎಷ್ಟು ಹೇಳಿದರೂ ಅವಳಿಗೆ ಮನೆಯ ಮಾತು ಬರೆಯಲು ನಾಚಿಕೆ. ಆ ನಾಚಿಕೆಯನ್ನು ಯಾರು ಕಲಿಸಿದರೆಂದು ನಾನು ಕೇಳುವುದಿಲ್ಲ.

ಕಳೆದ ದೀಪಾವಳಿಗೆ ತವರಿಗೆ ಹೋದಾಗ ಎಂಬತ್ತೊಂದರ ಅಮ್ಮನ ಹತ್ತಿರ ಕೂತು ದೊಡ್ಡತ್ತೆಯ ಬಗ್ಗೆ ಕೇಳಿದೆ. ಹುಡುಗಿಯರಿಗೆ ಮಾಡಿದ ನಿಯಮವೇ ನನಗೂ: ನಡುವೆ ಪ್ರಶ್ನೆ ಕೇಳಕೂಡದು. ಅಮ್ಮ ಅರ್ಧ ಗಂಟೆ ದೊಡ್ಡತ್ತೆಯ ಬಗ್ಗೆ ಏನೂ ಹೇಳಲಿಲ್ಲ. ಹಸು ಮಾರಿದ್ದು, ಮಳೆ ಹಿಡಿದು ಅಡಿಕೆ ಕೊಳೆತದ್ದು, ಯಾರದೋ ಮುಂಜಿ. ನನ್ನ ತಾಳ್ಮೆ ಇನ್ನೇನು ಕೆಡಬೇಕು ಎನ್ನುವಾಗ, ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಅಂದರು: ‘ಅತ್ತೆ ಸತ್ತ ಮೇಲೆ ಪೆಟ್ಟಿಗೆ ತೆಗೆದ್ರೆ ಒಂದು ಬಾಚಣಿಗೆ ಇತ್ತು ಮಾರಾಯ್ತಿ. ದಂತದ್ದು. ಎಲ್ಲಿಂದ ಬಂತೋ. ನಾನೇ ಯಾರಿಗೂ ಹೇಳ್ದೆ ಹೊಳೆಗೆ ಹಾಕ್ದೆ.’

ಬಸ್ಸಿನಲ್ಲಿ ಮಂಡ್ಯಕ್ಕೆ ಬರುವಾಗ ಅದನ್ನು ಅಮ್ಮನ ಮಾತಿನಲ್ಲೇ, ‘ಮಾರಾಯ್ತಿ’ಯನ್ನೂ ಬಿಡದೆ ಬರೆದುಕೊಂಡೆ. ಐದನೆಯ ಸಲ ಶುರುಮಾಡಿದ್ದೇನೆ. ಸದ್ಯ ಏಳು ಪುಟವಾಗಿದೆ, ದೊಡ್ಡತ್ತೆ ಇನ್ನೂ ಬೆಲ್ಲ ಕದಿಯುತ್ತಿದ್ದಾರೆ.